ಪಿಶಾಚಿಗಳ ಪಟ್ಟಿಯೂ ನನ್ನ ಮಾವನೂ

ಪಿಶಾಚಿ ಪುಸ್ತಕ ನನ್ನ ಕೆಲಸದ ಕೋಣೆಗೆ ಬಂದದ್ದು ಒಂದು ಷೂ ಡಬ್ಬಿಯಲ್ಲಿ. ಮುನ್ನೂರ ನಲವತ್ತು ವರ್ಷದ ಪುಸ್ತಕ, ಜಗತ್ತಿನಲ್ಲಿ ಉಳಿದಿರುವುದು ಇದೊಂದೇ ಪ್ರತಿ. ಅದನ್ನು ಗ್ರಂಥಾಲಯದವರು ಒಂಬತ್ತನೇ ನಂಬರಿನ ಗಂಡಸರ ಷೂ ಡಬ್ಬಿಯಲ್ಲಿಟ್ಟು, ಸುತ್ತ ಒಂದು ರಬ್ಬರ್ ಬ್ಯಾಂಡ್ ಹಾಕಿ ಕಳಿಸಿದ್ದರು. ನೋಡಿದ ತಕ್ಷಣ ನನಗೆ ಮೈಯೆಲ್ಲ ಉರಿದುಹೋಯಿತು. ಪಿಶಾಚಿಗೆ ಹೆದರುವ ಜನ ರಬ್ಬರ್ ಬ್ಯಾಂಡಿಗೆ ಹೆದರುವುದಿಲ್ಲ. ಹಳೆಯ ಪುಸ್ತಕಗಳನ್ನು ಪಿಶಾಚಿ ಹಾಳು ಮಾಡಿದ್ದನ್ನು ನಾನಂತೂ ಕಂಡಿಲ್ಲ, ರಬ್ಬರ್ ಬ್ಯಾಂಡ್ ಹಾಳು ಮಾಡಿದ್ದನ್ನು ವಾರಕ್ಕೊಮ್ಮೆ ಕಾಣುತ್ತೇನೆ.

ನಾನು ಹಳೆಯ ಪುಸ್ತಕಗಳನ್ನು ರಿಪೇರಿ ಮಾಡುವವಳು. ಹರಿದ ಹಾಳೆಗೆ ತೆಳುಕಾಗದ ಅಂಟಿಸುವುದು, ಬಿಚ್ಚಿಹೋದ ಹೊಲಿಗೆಯನ್ನು ಮತ್ತೆ ಹಾಕುವುದು, ಬೆನ್ನು ಮುರಿದದ್ದಕ್ಕೆ ಬೆನ್ನು ಕೂರಿಸುವುದು, ಇದೇ ನನ್ನ ಬದುಕು. ಅಪ್ಪನಿಂದ ಕಲಿತದ್ದು. ಮೂವತ್ತು ವರ್ಷದಿಂದ ನನ್ನ ಮಾವ, ಅಂದರೆ ಗಂಡನ ತಂದೆ, ಇದನ್ನು ‘ಗೋಂದು ಕೆಲಸ’ ಎಂದು ಕರೆಯುತ್ತ ಬಂದಿದ್ದಾರೆ. ಮನೆಗೆ ಯಾರಾದರೂ ಬಂದರೆ, “ಇವಳು ನಮ್ಮ ಸೊಸೆ, ಏನೋ ಗೋಂದು ಹಚ್ತಾಳೆ” ಎಂದು ಪರಿಚಯ ಮಾಡಿಕೊಡುತ್ತಾರೆ. ನಾನು ನಗುತ್ತಲೇ ಟೀ ಕೊಡುತ್ತೇನೆ. ಮಾವನ ಲೋಟಕ್ಕೆ ಮಾತ್ರ ಅವತ್ತು ಸಕ್ಕರೆ ಬೀಳುವುದಿಲ್ಲ.

ಮಾವ ಪ್ರೊಫೆಸರ್. ನಿವೃತ್ತರಾಗಿ ಇಪ್ಪತ್ತೈದು ವರ್ಷವಾಯಿತು, ಈಗ ಎಂಬತ್ತಮೂರು. ಆ ಷೂ ಡಬ್ಬಿಯಲ್ಲಿದ್ದ ಪುಸ್ತಕವೇ ಅವರ ಹೆಸರು, ಅವರ ಮಾನ, ಅವರ ಸರ್ವಸ್ವ. ಅದೊಂದು ಪಿಶಾಚಿಗಳ ಪಟ್ಟಿ. ಒಟ್ಟು ಅರವತ್ತೆಂಟು. ಪ್ರತಿಯೊಂದಕ್ಕೂ ಹೆಸರು, ರೂಪ, ಪಾತಾಳದ ದರ್ಬಾರಿನಲ್ಲಿ ಅದರ ಪದವಿ, ಅದು ಮಾಡುವ ಕೇಡು, ಕೊನೆಗೆ ಓಡಿಸುವ ಉಪಾಯ. ಈಗ ಯಾರೂ ಆಡದ ಭಾಷೆಯಲ್ಲಿದೆ. ಆ ಭಾಷೆ ನಮ್ಮ ಮಾವನಿಗೆ ನೀರು ಕುಡಿದಷ್ಟು ಸುಲಭ. ಈ ಪುಸ್ತಕದ ಮೇಲೆ ಅವರು ಆರುನೂರ ಹನ್ನೆರಡು ಪುಟದ ಗ್ರಂಥ ಬರೆದಿದ್ದಾರೆ. ಅರವತ್ತೆಂಟು ಪಿಶಾಚಿಗಳಿಗೂ ಒಂದೊಂದು ಅಧ್ಯಾಯ. ಅಂದಿನಿಂದ ಅವರಿಗೆ ‘ದೆವ್ವದ ಪ್ರೊಫೆಸರ್’ ಎಂದೇ ಹೆಸರು. ಓದುಗರು ಇವತ್ತಿಗೂ ಕಾಗದ ಬರೆಯುತ್ತಾರೆ: ನಮ್ಮ ಯಜಮಾನರಿಗೆ ಐವತ್ತೆರಡನೆಯದು ಹಿಡಿದಂತಿದೆ ಸರ್, ಏನು ಮಾಡಲಿ ಎಂದು. ಮಾವ ಗಂಭೀರವಾಗಿ ಪೋಸ್ಟ್ ಕಾರ್ಡಿನಲ್ಲಿ ಉತ್ತರ ಬರೆಯುತ್ತಾರೆ.

ಈಗ ಗ್ರಂಥಾಲಯದವರು ಮೂಲ ಪುಸ್ತಕದ ಪ್ರತಿಯೊಂದು ಪುಟದ ಫೋಟೋ ತೆಗೆದು, ಯಾರು ಬೇಕಾದರೂ ಕಂಪ್ಯೂಟರಿನಲ್ಲಿ ನೋಡುವಂತೆ ಮಾಡಲು ಹೊರಟಿದ್ದರು. ಅದಕ್ಕೆ ಮೊದಲು ಸಡಿಲವಾದ ಹೊಲಿಗೆ ಸರಿಪಡಿಸಿ, ಎಲ್ಲ ಪುಟಗಳೂ ಬಿಡಿಸಿಕೊಳ್ಳುವಂತೆ ಮಾಡಿಕೊಡಿ ಎಂದು ನನಗೆ ಕಳಿಸಿದ್ದರು. ಎರಡು ವಾರದ ನಂತರ ಸಮಾರಂಭ. ಅದರಲ್ಲಿ ಮಾವನಿಗೆ ಸನ್ಮಾನ. ಮಾವ ಹೊಸ ಕೋಟಿಗೆ ಅಳತೆ ಕೊಟ್ಟಿದ್ದರು, ಬಚ್ಚಲಿನ ಕನ್ನಡಿಯ ಮುಂದೆ ದಿನಾ ಭಾಷಣ ಅಭ್ಯಾಸ ಮಾಡುತ್ತಿದ್ದರು. “ಮಹನೀಯರೇ” ಎನ್ನುವುದು ಅಡುಗೆಮನೆಯವರೆಗೂ ಕೇಳುತ್ತಿತ್ತು.

ಅಪ್ಪ ನನಗೆ ಹೇಳಿಕೊಟ್ಟ ನಿಯಮ ಎರಡೇ. ತಿರುಗಿ ಬಿಚ್ಚಲಾಗದ ಕೆಲಸ ಮಾಡಬೇಡ. ಮಾಡಲೇಬೇಕಾದರೆ ಮೊದಲು ಹೇಗಿತ್ತು, ಆಮೇಲೆ ಹೇಗಾಯಿತು, ಯಾರು ಮಾಡಿದರು ಎಂದು ಬರೆದಿಡು. ಹಾಗಾಗಿ ಯಾವ ಪುಸ್ತಕ ಬಂದರೂ ನಾನು ದಾರ ಸೂಜಿ ಮುಟ್ಟುವ ಮೊದಲು ಅದನ್ನು ಮೊದಲಿಂದ ಕೊನೆಯವರೆಗೆ ಒಂದೊಂದೇ ಹಾಳೆ ತಿರುಗಿಸಿ, ಸ್ಥಿತಿಯ ವರದಿ ಬರೆಯುತ್ತೇನೆ. ಎರಡು ಪ್ರತಿ, ಒಂದು ನನಗೆ, ಒಂದು ಗ್ರಂಥಾಲಯಕ್ಕೆ. ಆ ವರದಿಯಲ್ಲಿ ನಾನು ಇವತ್ತಿನವರೆಗೆ ಒಂದು ಅಕ್ಷರ ಸುಳ್ಳು ಬರೆದಿಲ್ಲ. ಇದು ಜಂಭವಾದರೆ ಜಂಭವೇ ಆಗಲಿ.

ಸೋಮವಾರ ಬೆಳಿಗ್ಗೆ ಪಿಶಾಚಿ ಪುಸ್ತಕ ತಿರುಗಿಸುತ್ತ ಕೂತೆ. ಮೊದಲಿಗೆ ಅರವತ್ತೆಂಟು ಹೆಸರುಗಳ ಪಟ್ಟಿ. ಆಮೇಲೆ ಒಂದನೆಯದು, ಎರಡನೆಯದು. ಚಿತ್ರಗಳೂ ಇದ್ದವು. ಒಂದಕ್ಕೆ ಹೊಟ್ಟೆಯಲ್ಲಿ ಮುಖ, ಇನ್ನೊಂದು ಆಡಿನ ಮೇಲೆ ಹಿಂದುಮುಂದಾಗಿ ಕೂತಿತ್ತು. ಪುಟದ ಮೂಲೆಗಳು ಕೈಬೆರಳ ಜಿಡ್ಡಿಗೆ ಕಂದಿದ್ದವು. ನೂರ ತೊಂಬತ್ತಮೂರನೆಯ ಪುಟಕ್ಕೆ ಬಂದು ಹಾಳೆ ತಿರುಗಿಸಹೋದರೆ ಹಲವು ಹಾಳೆಗಳು ಒಟ್ಟಿಗೆ ಎದ್ದವು. ಅಂಟಿಕೊಂಡಿವೆಯೇನೋ ಎಂದು ನೋಡಿದೆ. ಅಂಟಿರಲಿಲ್ಲ. ಕತ್ತರಿಸಿಯೇ ಇರಲಿಲ್ಲ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಆ ಕಾಲದ ಅಚ್ಚಿನವರು ದೊಡ್ಡ ಹಾಳೆಯ ಎರಡೂ ಬದಿಗೆ ಎಂಟೆಂಟು ಪುಟ ಅಚ್ಚು ಹಾಕಿ, ಅದನ್ನು ಮೂರು ಸಲ ಮಡಿಸಿ, ಮಡಿಕೆಯ ಬೆನ್ನಿಗೆ ಹೊಲಿಯುತ್ತಿದ್ದರು. ಪುಟಗಳ ತಲೆಯೂ ಅಂಚೂ ಕೂಡಿಕೊಂಡೇ ಇರುತ್ತಿದ್ದವು. ಕೊಂಡವನು ಓದುತ್ತ ಹೋದಂತೆ ಚಾಕು ಹಿಡಿದು ಮಡಿಕೆಗಳನ್ನು ಬಿಡಿಸಿಕೊಳ್ಳಬೇಕು. ಬಿಡಿಸದಿದ್ದರೆ ಹೊರಮೈಗೆ ಬಿದ್ದ ಪುಟ ಮಾತ್ರ ಕಾಣುತ್ತದೆ. ಒಳಗೆ ಇಣುಕಿದರೆ ಇಲ್ಲೊಂದು ಬಾಲ, ಅಲ್ಲೊಂದು ಕೊಂಬು, ತಲೆಬುಡವಿಲ್ಲದ ನಾಲ್ಕು ಸಾಲು, ಅಷ್ಟೇ. ಅಂದರೆ ಬಿಡಿಸದ ಮಡಿಕೆ ಸುಳ್ಳು ಹೇಳುವುದಿಲ್ಲ. ಯಾರು ಎಲ್ಲಿಯವರೆಗೆ ಓದಿ ಪುಸ್ತಕ ಮಡಚಿಟ್ಟರು ಎನ್ನುವುದು ನಮ್ಮಂಥವರಿಗೆ ಒಂದೇ ನೋಟಕ್ಕೆ ಗೊತ್ತಾಗುತ್ತದೆ.

ಪಟ್ಟಿಯ ಜೊತೆ ಲೆಕ್ಕ ಹಾಕಿದೆ. ತೆರೆದಿದ್ದ ಭಾಗದಲ್ಲಿ ಮೂವತ್ತೇಳು ಪಿಶಾಚಿ. ಮುಚ್ಚಿದ್ದರಲ್ಲಿ ಮೂವತ್ತೊಂದು. ಒಳಗಿನ ಕಾಗದ ನಿನ್ನೆ ಮೊನ್ನೆ ತಯಾರಾದಂತೆ ಬೆಳ್ಳಗಿತ್ತು, ಮನುಷ್ಯರ ಬೆರಳೇ ಸೋಕಿರಲಿಲ್ಲ. ಅಚ್ಚಾದಾಗಿನಿಂದ ಮನುಷ್ಯರಾಗಿ ಹುಟ್ಟಿದವರು ಯಾರೂ ಈ ಪುಸ್ತಕವನ್ನು ಪೂರ್ತಿ ಓದಿಲ್ಲ. ಆದರೆ ನಮ್ಮ ಮಾವ ಅರವತ್ತೆಂಟಕ್ಕೂ ಅರವತ್ತೆಂಟು ಅಧ್ಯಾಯ ಬರೆದಿದ್ದಾರೆ!

ನಿಜ ಹೇಳುತ್ತೇನೆ, ನನಗೆ ಮೊದಲು ಆದದ್ದು ಸಂತೋಷ. ಒಬ್ಬಳೇ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕೆ. ಮೂವತ್ತು ವರ್ಷ ಸಕ್ಕರೆಯಿಲ್ಲದ ಟೀ ಕುಡಿಸಿ ತೀರಿಸಿಕೊಂಡಿದ್ದ ಸೇಡಿನ ನೂರು ಪಾಲು ಒಂದೇ ಬೆಳಿಗ್ಗೆ ಕೈಗೆ ಬಂದಿತ್ತು. ತಡೆಯಲಾಗದೆ ಮನೆಗೆ ಫೋನ್ ಮಾಡಿದೆ.

“ಮಾವ, ನಿಮ್ಮ ಪುಸ್ತಕ ಬಂದಿದೆ. ನೂರ ತೊಂಬತ್ತಮೂರರಿಂದ ಆಚೆಗೆ ಮಡಿಕೆ ಬಿಡಿಸೇ ಇಲ್ಲ.”

ಅತ್ತೆ ಹಿಂದಿನಿಂದ ಯಾರದು, ಯಾರದು ಎಂದು ಕೇಳುತ್ತಿದ್ದದ್ದು ಮಾತ್ರ ಕೇಳಿಸಿತು.

“ನಾನೇ ಬರ್ತೀನಿ,” ಎಂದರು ಮಾವ.

ಮೂವತ್ತು ವರ್ಷದಲ್ಲಿ ಅವರು ನನ್ನ ಕೆಲಸದ ಕೋಣೆಗೆ ಕಾಲಿಟ್ಟದ್ದು ಅವತ್ತೇ ಮೊದಲು. ಎರಡು ಮಹಡಿ ಮೆಟ್ಟಿಲು ಹತ್ತಿ, ಏದುಸಿರು ಬಿಡುತ್ತ, ಕೋಲು ಊರಿಕೊಂಡು ಬಾಗಿಲಲ್ಲಿ ನಿಂತರು. ಕಬ್ಬಿಣದ ಒತ್ತುಯಂತ್ರ, ದಾರದ ಉಂಡೆಗಳು, ಗೋಡೆಗೆ ಸಾಲಾಗಿ ತೂಗುಹಾಕಿದ ಚಾಕುಗಳು, ಎಲ್ಲವನ್ನೂ ಒಂದು ಸುತ್ತು ನೋಡಿದರು. ಸ್ಟೂಲು ಕೊಟ್ಟೆ, ಕೂತರು. ಪುಸ್ತಕದ ಕಡೆ ನೋಡಲಿಲ್ಲ.

“ವರದಿ ಬರೆದಾಯ್ತಾ?”

“ಇನ್ನೂ ಇಲ್ಲ. ನೀವೇ ಹೇಳಿ ಮಾವ, ಏನಂತ ಬರೀಲಿ?”

ನನ್ನ ದನಿಯಲ್ಲಿದ್ದ ಕುಹಕ ಅವರಿಗೆ ಕೇಳಿಸಿತೋ ಇಲ್ಲವೋ. ಕೋಲಿನ ಹಿಡಿಯನ್ನು ಎರಡೂ ಕೈಯಲ್ಲಿ ತಿರುವುತ್ತ ಹೇಳತೊಡಗಿದರು.

“ಆಗ ಗ್ರಂಥಾಲಯದವರು ಪುಸ್ತಕ ನೋಡೋಕೆ ಹನ್ನೊಂದು ದಿನ ಕೊಟ್ಟಿದ್ರು. ಪಕ್ಕದಲ್ಲೊಬ್ಬ ಕಾವಲಿನವನು, ಸ್ವಲ್ಪ ಇಣುಕಿದ್ರೂ ಕೆಮ್ಮೋನು. ಮಡಿಕೆ ಬಿಡಿಸೋಕೆ ಅನುಮತಿ ಕೊಡಿ ಅಂತ ಅರ್ಜಿ ಹಾಕ್ದೆ. ಸಮಿತಿ ಮುಂದೆ ಇಡ್ತೀವಿ ಅಂದ್ರು.”

“ಸಮಿತಿ ಏನಂತು?”

“ಇನ್ನೂ ಏನೂ ಅಂದಿಲ್ಲ.”

ನಗು ಬಂತು, ನುಂಗಿಕೊಂಡೆ. ಮಾವ ನಗಲಿಲ್ಲ.

“ನಿವೃತ್ತಿಗೆ ಐದು ತಿಂಗಳಿತ್ತು. ಅಚ್ಚಿನವರು ದಿನಾ ಫೋನ್ ಮಾಡ್ತಿದ್ರು. ಅರ್ಧ ಪುಸ್ತಕ ತಗೊಂಡು ಹೋದ್ರೆ ಯಾರು ಅಚ್ಚು ಹಾಕ್ತಾರೆ? ಅಷ್ಟು ವರ್ಷ ಏನು ಕಡಿದು ಕಟ್ಟೆ ಹಾಕ್ದೆ ಅಂತ ಯಾರಾದ್ರೂ ಕೇಳಿದ್ರೆ, ತೋರಿಸೋಕೆ ನನ್ನ ಹತ್ರ ಬೇರೆ ಏನೂ ಇರ್ಲಿಲ್ಲ. ಹೆಸರುಗಳು ಮುಂದಿನ ಪಟ್ಟೀಲಿ ಇದ್ವಲ್ಲ. ಹೆಸರಿಗೆ ರೂಪ ನಾನೇ ಕೊಟ್ಟೆ.”

“ಮೂವತ್ತೊಂದು ಪಿಶಾಚೀನೂ ನೀವೇ ಹಡೆದ್ರಾ?”

“ಹಂಗೇ ಅಂದ್ಕೋ.” ಈಗ ತಲೆಯೆತ್ತಿದರು. “ಕಾಗದ ಜೀರ್ಣ ಆಗಿದೆ, ಬಿಡಿಸಿದ್ರೆ ಪುಡಿ ಆಗುತ್ತೆ ಅಂತ ಬರೆದುಬಿಡಮ್ಮ. ಅವರು ಅಲ್ಲಿಗೇ ಬಿಟ್ಬಿಡ್ತಾರೆ. ನಿನ್ನ ಮಾತನ್ನ ಯಾರೂ ಪ್ರಶ್ನೆ ಮಾಡಲ್ಲ.”

“ಗೋಂದು ಹಚ್ಚೋಳ ಮಾತನ್ನಾ?”

ಬಾಣ ನಾಟಿತು. ಮಾವ ಮತ್ತೆ ತಲೆ ತಗ್ಗಿಸಿದರು. ಬೆಕ್ಕಿನ ಮರಿಯ ಹಾಗೆ ಮುದುಡಿ ಕೂತ ಅವರನ್ನು ನೋಡಿ, ಗೆದ್ದ ಖುಷಿ ನನಗೆ ಹುಡುಕಿದರೂ ಸಿಗಲಿಲ್ಲ.

“ಇನ್ನೆಷ್ಟು ದಿನ ಇರ್ತೀನಿ ನಾನು? ಹೋದ ಮೇಲೆ ಬೇಕಾದ್ರೆ ಬಿಡಿಸ್ಕೊಳ್ಳಿ. ಇದ್ದಾಗ ಬೇಡ.”

“ನಾಳೆ ಮಧ್ಯಾಹ್ನ ಗ್ರಂಥಪಾಲಕಿ ಬರ್ತಾರೆ, ವರದಿ ತಗೊಂಡು ಹೋಗೋಕೆ. ಅಷ್ಟರಲ್ಲಿ ಹೇಳ್ತೀನಿ,” ಎಂದು ಆಟೋ ಹತ್ತಿಸಿ ಕಳಿಸಿದೆ.

ಈಗ ನನ್ನದೂ ಒಂದು ತಪ್ಪೊಪ್ಪಿಗೆ ಇದೆ. ಮಾವನ ಗ್ರಂಥವನ್ನು ನಾನು ಓದಿಯೇ ಇರಲಿಲ್ಲ. ಅಚ್ಚಾದ ಹೊಸತರಲ್ಲಿ ನನಗೂ ಒಂದು ಪ್ರತಿ ಕೊಟ್ಟಿದ್ದರು. ಅದಕ್ಕೆ ಚರ್ಮದ ಹೊದಿಕೆ ಹಾಕಿ, ಬೆನ್ನಿಗೆ ಬಂಗಾರದ ಅಕ್ಷರ ಕೂರಿಸಿ, ಕಪಾಟಿನಲ್ಲಿಟ್ಟು, ವಾರದ ನಂತರ “ತುಂಬ ಚೆನ್ನಾಗಿದೆ ಮಾವ” ಎಂದಿದ್ದೆ. ಮುನ್ನುಡಿಯ ಎರಡನೇ ಪುಟಕ್ಕೆ ನನಗೆ ನಿದ್ದೆ ಬಂದಿತ್ತು. ಇಬ್ಬರೂ ಓದದ ಪುಸ್ತಕದ ಬಗ್ಗೆ ಸುಳ್ಳು ಹೇಳಿದವರೇ. ಅವರದು ಆರುನೂರು ಪುಟದ ಸುಳ್ಳು, ನನ್ನದು ಮೂರು ಪದದ್ದು. ನಮ್ಮ ಮನೆಯಲ್ಲಿ ನಿಜವಾಗಿ ಓದಿದ್ದನ್ನೇ ಬರೆಯುವವರು ನನ್ನ ಗಂಡ ಒಬ್ಬರೇ. ಅವರು ಮನೆಮನೆಗೆ ಹೋಗಿ ನೀರಿನ ಮೀಟರು ಓದುತ್ತಾರೆ.

ಮಧ್ಯಾಹ್ನವೇ ಕೆಲಸ ಮುಚ್ಚಿ ಮನೆಗೆ ಹೋದೆ. ಮಾವ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ಅತ್ತೆ, “ಏನಾಯ್ತೇ ಇವರಿಗೆ? ಊಟ ಬೇಡ ಅಂದ್ರು. ಕನ್ನಡಿ ಮುಂದೆ ನಿಂತಿದ್ದೂ ಇಲ್ಲ” ಎಂದು ಹಿಂದೆ ಹಿಂದೆಯೇ ಬಂದರು. ಏನೋ ಒಂದು ಸಮಾಧಾನ ಹೇಳಿ, ಕಪಾಟಿನಿಂದ ಗ್ರಂಥ ತೆಗೆದುಕೊಂಡು ಅಡುಗೆಮನೆಯ ಕಿಟಕಿಯ ಹತ್ತಿರ ಕೂತೆ. ಮೂವತ್ತೆಂಟನೆಯ ಪಿಶಾಚಿಯಿಂದ ಶುರುಮಾಡಿದೆ.

ಮೂವತ್ತೆಂಟನೆಯದು ಊಟದ ಹೊತ್ತಿಗೆ ಸರಿಯಾಗಿ ಬಂದು, ಊಟ ಬೇಡವೆಂದು ಹೇಳಿ, ಎರಡು ಸಲ ಬಡಿಸಿಕೊಂಡು ತಿನ್ನುವ ಪಿಶಾಚಿ. ಎಡ ಮೀಸೆ ಬಲ ಮೀಸೆಗಿಂತ ಉದ್ದ. ನಾನು ಪುಸ್ತಕ ಕೆಳಗಿಟ್ಟೆ. ಇದು ಅತ್ತೆಯ ತಮ್ಮ! ಸಾಕ್ಷಾತ್ ಅವರೇ! ಹಾಳೆ ತಿರುಗಿಸಿದೆ. ನಲವತ್ತನಾಲ್ಕನೆಯದು ಗಂಡಸರಿಗೆ ಕಣ್ಣು ಹತ್ತುವ ಗಳಿಗೆ ನೋಡಿಕೊಂಡು ಒಂದು ಪ್ರಶ್ನೆ ಕೇಳುತ್ತದೆ, ಉತ್ತರ ಹೇಳುವ ಮೊದಲೇ ಇನ್ನೊಂದು ಕೇಳುತ್ತದೆ. ಆಗಲೇ ಅತ್ತೆ ಬಾಗಿಲಿಗೆ ಬಂದು, “ಏನೇ ಓದ್ತಿದೀಯ? ಬಾಗಿಲು ಹಾಕಿದ್ಯಾ? ಹಾಲು ಬಂತಾ?” ಎಂದರು. ಸೀರೆ ಸೆರಗು ಬಾಯಿಗೆ ತುರುಕಿಕೊಂಡೆ. ಐವತ್ತೆರಡನೆಯದಕ್ಕೆ ಎರಡು ಮುಖ, ಎರಡೂ ಆಕಳಿಸುತ್ತಿರುತ್ತವೆ. ಮುಂದೆ ಯಾವ ಕಾಗದ ಇಟ್ಟರೂ ಅದರ ಮೇಲೆ ಕೂತು ಏಳುವುದಿಲ್ಲ. ಮಾವನ ವಿಭಾಗದ ಮುಖ್ಯಸ್ಥರು. ಐವತ್ತೇಳನೆಯದು ಹೋದಲ್ಲೆಲ್ಲ ಅಂಕಿ ಬರೆದುಕೊಳ್ಳುವ, ಯಾರಿಗೂ ಕೇಡು ಮಾಡಲು ಬರದ ಬಡಪಾಯಿ. ಓಡಿಸುವ ಉಪಾಯ: ಊಟಕ್ಕೆ ಕರೆದರೆ ಓಡಿ ಬರುತ್ತದೆ, ಓಡಿಸುವುದೇಕೆ. ನನ್ನ ಗಂಡ.

ಓದುಗರ ಕಾಗದಗಳೆಲ್ಲ ಈ ಕೊನೆಯ ಮೂವತ್ತೊಂದು ಪಿಶಾಚಿಗಳ ಬಗ್ಗೆಯೇ ಏಕೆ ಬರುತ್ತಿದ್ದವು ಎಂದು ಈಗ ಅರ್ಥವಾಯಿತು. ಹೊಟ್ಟೆಯಲ್ಲಿ ಮುಖ ಇರುವ ಪಿಶಾಚಿ ಯಾರ ಮನೆಯಲ್ಲೂ ಇರುವುದಿಲ್ಲ. ಊಟ ಬೇಡವೆಂದು ಎರಡು ಸಲ ಬಡಿಸಿಕೊಳ್ಳುವುದು ಎಲ್ಲರ ಮನೆಯಲ್ಲೂ ಇರುತ್ತದೆ.

ನಗುತ್ತ ನಗುತ್ತ ಅರವತ್ತೊಂದಕ್ಕೆ ಬಂದೆ. ಅದನ್ನು ಇಲ್ಲಿ ಹಾಗೆಯೇ ಇಳಿಸುತ್ತೇನೆ.

‘ಅರವತ್ತೊಂದನೆಯದು ಹೆಣ್ಣು ಪಿಶಾಚಿ. ಪದವಿ ಯಾವುದೂ ಇಲ್ಲ, ಕೊಟ್ಟರೂ ತೆಗೆದುಕೊಳ್ಳುವುದಿಲ್ಲ. ಇದು ಬರುವ ಮುನ್ನ ಹಿಟ್ಟಿನ ಅಂಟಿನ ಹುಳಿ ವಾಸನೆ ಬರುತ್ತದೆ. ಬೆರಳ ತುದಿ ಒರಟು. ಮನೆಯಲ್ಲಿ ಸದ್ದಿಲ್ಲದೆ ಓಡಾಡುತ್ತ, ಮುರಿದದ್ದು ಹರಿದದ್ದು ಕಂಡರೆ ಯಾರನ್ನೂ ಕೇಳದೆ ಎತ್ತಿಕೊಂಡು ಹೋಗುತ್ತದೆ. ಕೆಲವು ದಿನದ ನಂತರ ಅದು ಗಟ್ಟಿಯಾಗಿ ತನ್ನ ಜಾಗದಲ್ಲಿರುತ್ತದೆ. ಮಾತು ಕಡಿಮೆ, ಆಡಿದರೆ ಸುಡುತ್ತದೆ. ಇದರ ಕೈಯಲ್ಲಿ ಒಳ್ಳೆಯದಾಯಿತೆಂದು ಇದಕ್ಕೆ ತಿಳಿಸಲು ಮನುಷ್ಯರಿಗೆ ಬಾಯಿ ಬರುವುದಿಲ್ಲ. ಅದೇ ಇದು ಮಾಡುವ ಕೇಡು. ಓಡಿಸುವ ಉಪಾಯ ಇಲ್ಲ. ಇದ್ದರೂ ಮಾಡಬಾರದು. ಇದು ಬಿಟ್ಟುಹೋದ ಮನೆ ನಿಲ್ಲುವುದಿಲ್ಲ.’

ಮದುವೆಯಾದ ನಾಲ್ಕನೇ ವರ್ಷವಿರಬೇಕು, ಮಾವನ ಮೇಜಿನ ಮೇಲಿದ್ದ ಹಳೆಯ ನಿಘಂಟಿನ ಬೆನ್ನು ಕಿತ್ತು ಜೋತಾಡುತ್ತಿತ್ತು. ನೋಡಲಾಗದೆ ಎತ್ತಿಕೊಂಡು ಹೋಗಿ, ಹೊಸದಾಗಿ ಹೊಲಿದು ವಾಪಸ್ ಇಟ್ಟಿದ್ದೆ. ಮಾವ ಒಂದು ಮಾತು ಆಡಲಿಲ್ಲ. ಗಮನಕ್ಕೇ ಬಂದಿಲ್ಲ ಎಂದುಕೊಂಡಿದ್ದೆ. ಬಂದಿತ್ತು. ಎಲ್ಲವೂ ಬಂದಿತ್ತು.

ಕಿಟಕಿಯ ಹತ್ತಿರ ಕೂತು ನಾನು ಅತ್ತುಬಿಟ್ಟೆ. ಅಳುತ್ತ ಅಳುತ್ತ ಕೋಪವೂ ಬಂತು. ಚೆನ್ನಾಗಿ ಮಾಡಿದೆಯಮ್ಮ ಎಂದು ಒಂದು ಸಲ ಬಾಯಿಬಿಟ್ಟು ಹೇಳಲು ಈ ಮನುಷ್ಯನಿಗೆ ಪಿಶಾಚಿಯ ವೇಷ ಬೇಕಾಯಿತೇ? ಆರುನೂರು ಪುಟದ ಒಳಗೆ ಹುಗಿದಿಟ್ಟರೆ ನನಗೆ ಹೇಗೆ ಸಿಗಬೇಕು? ಆದರೆ ಒಂದಂತೂ ನಿಜ. ಈ ಮುದುಕನ ಮಾನ ಹರಾಜಾಗುವುದನ್ನು ನೋಡುವ ಆಸೆ ನನಗೆ ಎಳ್ಳಷ್ಟೂ ಉಳಿಯಲಿಲ್ಲ.

ಮಂಗಳವಾರ ಬೆಳಿಗ್ಗೆ ಬೇಗ ಹೋಗಿ ವರದಿಯ ಹಾಳೆ ತೆಗೆದೆ. ‘ಪುಟ ನೂರ ತೊಂಬತ್ತಮೂರರಿಂದ ಕಾಗದ ಜೀರ್ಣವಾಗಿದ್ದು’ ಎಂದು ಪೆನ್ಸಿಲಿನಲ್ಲಿ ಬರೆದೆ. ಬರೆದು, ರೂಢಿಯಂತೆ ಹಾಳೆಯ ಮೂಲೆಯನ್ನು ಎರಡು ಬೆರಳಲ್ಲಿ ಹಿಡಿದು ಸಣ್ಣಗೆ ಅಲ್ಲಾಡಿಸಿದೆ. ಒಳ್ಳೆಯ ಕಾಗದ ಪಟಪಟನೆ ಸದ್ದು ಮಾಡುತ್ತದೆ. ಇದು ಹೊಸ ನೋಟಿನ ಹಾಗೆ ಸದ್ದು ಮಾಡಿತು. ಯಾರೋ ಒಬ್ಬ ಹಳೆಯ ಬಟ್ಟೆ ಕೊಳೆಸಿ, ಕುಟ್ಟಿ, ತಣ್ಣೀರಲ್ಲಿ ಕೈ ಅದ್ದಿ ಅದ್ದಿ ಇಷ್ಟು ಗಟ್ಟಿ ಕಾಗದ ಮಾಡಿ ಹೋಗಿದ್ದ. ಮುನ್ನೂರು ವರ್ಷದ ಮೇಲೂ ಅದು ಅವನ ಪರವಾಗಿ ಸಾಕ್ಷಿ ಹೇಳುತ್ತಿತ್ತು. ಅವನ ಕೆಲಸವನ್ನು ಜೀರ್ಣ ಎಂದು ಬರೆಯಲು ನನ್ನಿಂದ ಆಗಲಿಲ್ಲ. ರಬ್ಬರಿನಿಂದ ಅಳಿಸಿದೆ.

ಒಂಬತ್ತೂವರೆಗೆ ಮಾವ ಬಂದರು. ಗಡ್ಡ ಕೂಡ ಹೆರೆದುಕೊಂಡಿರಲಿಲ್ಲ.

“ಬರೆದ್ಯೇನಮ್ಮ?”

“ಇಲ್ಲ ಮಾವ. ನಾನು ಹಂಗೆ ಬರೆಯಲ್ಲ.”

ಅವರೇನೂ ವಾದ ಮಾಡಲಿಲ್ಲ. “ಸರಿ,” ಎಂದು ಕೋಲು ಊರಿ ಏಳಹೊರಟರು. ಜಗಳವಾಡಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

“ಕೂತ್ಕೊಳ್ಳಿ ಮಾವ! ಮೆಟ್ಟಿಲು ಹತ್ತಿ ಬಂದಿದೀರಿ. ಪೂರ್ತಿ ಕೇಳಿ. ಈ ಮಡಿಕೆಗಳನ್ನ ಇವತ್ತು ಯಾರಾದ್ರೂ ಒಬ್ರು ಬಿಡಿಸ್ಲೇಬೇಕು. ಯಾರು ಬಿಡಿಸಿದ್ರು ಅಂತ ವರದೀಲಿ ಹೆಸರು ಬರೀಬೇಕು. ನಾನು ಬಿಡಿಸಿದ್ರೆ ನೀವು ಸಿಕ್ಕಿಬಿದ್ದ ಕಳ್ಳ. ನೀವೇ ಬಿಡಿಸಿದ್ರೆ, ಇದನ್ನ ಪೂರ್ತಿ ಓದಿದ ಮೊದಲನೇ ಮನುಷ್ಯ. ಯಾವುದು ಬೇಕು?”

ಗೋಡೆಯಿಂದ ಮೂಳೆಯ ಚಾಕು ತೆಗೆದು ಅವರ ಮುಂದೆ ಇಟ್ಟೆ. ಮಾವ ಚಾಕು ನೋಡಿದರು, ನನ್ನನ್ನು ನೋಡಿದರು. ಆಮೇಲೆ ಪುಸ್ತಕದ ಕಡೆ ತಿರುಗಿದರು. ಆ ನೋಟ ನನಗೆ ಗೊತ್ತು. ಕಿತ್ತುಹೋದ ಪುಸ್ತಕ ಕಂಡಾಗ ನನ್ನ ಮುಖವೂ ಹಾಗೇ ಆಗುತ್ತದೆಂದು ಗಂಡ ಹೇಳುತ್ತಾರೆ. ಹಸಿದವರ ನೋಟ.

“ಇದು ಹರಿತಾನೇ ಇಲ್ವಲ್ಲ,” ಎಂದರು ಚಾಕುವಿನ ಅಲುಗು ಮುಟ್ಟಿ.

“ಹರಿತ ಇರಬಾರದು. ಹರಿತ ಇದ್ರೆ ಮಡಿಕೆ ಬಿಟ್ಟು ಪುಟದೊಳಕ್ಕೆ ನುಗ್ಗುತ್ತೆ. ಹಿಂಗೆ ಮಡಿಕೆ ಒಳಗೆ ಮಲಗಿಸಿ, ನಿಧಾನಕ್ಕೆ ಹೊರಗೆ ಎಳೀರಿ. ಗಡಿಬಿಡಿ ಮಾಡಿದ್ರೆ ಬೈತೀನಿ.”

ಮೊದಲನೆಯ ಮಡಿಕೆಗೆ ಐದು ನಿಮಿಷ ಹಿಡಿಯಿತು. ಮೂರನೆಯದರ ಹೊತ್ತಿಗೆ ಹದ ಸಿಕ್ಕಿತು. ಕಾಗದ ಸರ್ರೆಂದು ಬಿಚ್ಚಿಕೊಳ್ಳುತ್ತ ಹೋಯಿತು, ಮಾವ ಓದುತ್ತ ಹೋದರು, ಓದಿದ್ದನ್ನು ನನಗೆ ನಮ್ಮ ಭಾಷೆಯಲ್ಲಿ ಹೇಳುತ್ತ ಹೋದರು.

“ಮೂವತ್ತೆಂಟನೇದು ಹಾಲು ಹುಳಿ ಮಾಡುತ್ತೆ.” ಇನ್ನೊಂದು ಮಡಿಕೆ. “ಮೂವತ್ತೊಂಬತ್ತನೇದೂ ಹಾಲು ಹುಳಿ ಮಾಡುತ್ತೆ. ಆದ್ರೆ ಮಂಗಳವಾರ ಮಾತ್ರ.” ಹುಬ್ಬು ಗಂಟಾಯಿತು. “ನಲವತ್ತನಾಲ್ಕನೇದು ಮೊಳೆಗೆ ತುಕ್ಕು ಹಿಡಿಸುತ್ತೆ. ಇದೇನಿದು? ಮೊಳೆಗೆ ತುಕ್ಕು ಹಿಡಿಯೋಕೆ ಪಿಶಾಚಿ ಯಾಕೆ ಬೇಕು?”

“ಐವತ್ತೆರಡನೇದು ಏನಂತೆ ಮಾವ?”

ಮಾವ ಪುಟ ತಿರುಗಿಸಿ, ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು. “ಮೇಲಿನಂತೆ ಅಂತ ಬರೆದಿದಾನೆ!”

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಆಮೇಲೆ ನಕ್ಕ ನಗು ಕೆಳಗಿನ ಮಹಡಿಯ ಹೊಲಿಗೆ ಅಂಗಡಿಯವರಿಗೂ ಕೇಳಿಸಿರಬೇಕು. ಮೂಲ ಲೇಖಕನಿಗೂ ಮೂವತ್ತೇಳಕ್ಕೆ ಸರಕು ಮುಗಿದುಹೋಗಿತ್ತು. ಪಟ್ಟಿಯಲ್ಲಿ ಅರವತ್ತೆಂಟು ಎಂದು ಘೋಷಿಸಿಬಿಟ್ಟಿದ್ದ ತಪ್ಪಿಗೆ ಉಳಿದದ್ದನ್ನು ಹೇಗೋ ಎಳೆದಾಡಿ ಮುಗಿಸಿದ್ದ. ಯಾರೂ ಇಲ್ಲಿಯವರೆಗೆ ಓದುವುದಿಲ್ಲವೆಂದು ಅವನಿಗೆ ಧೈರ್ಯವಿತ್ತೇನೋ. ಮುನ್ನೂರ ನಲವತ್ತು ವರ್ಷ ಅವನ ಧೈರ್ಯಕ್ಕೆ ಮೋಸವಾಗಿರಲಿಲ್ಲ.

ಅರವತ್ತೊಂದಕ್ಕೆ ಬಂದಾಗ ನಾನು ಮುಂದಕ್ಕೆ ಬಾಗಿ ಕೂತೆ. ಮಾವ ಜೋರಾಗಿ ಓದಲಿಲ್ಲ. ಸಾಲಿನ ಕೆಳಗೆ ಬೆರಳು ಸರಿಸಿ ಓದಿಕೊಂಡು ಹೇಳಿದರು. “ಕತ್ತೆಗಳಿಗೆ ಕೆಮ್ಮು ಬರಿಸುತ್ತಂತೆ.”

“ಓ,” ಎಂದೆ.

ಕೊನೆಯ ಪುಟ ಮುಗಿಯುವಾಗ ಹನ್ನೊಂದೂ ಮುಕ್ಕಾಲು. ಮಾವನ ಮುಖ ಪರೀಕ್ಷೆಯ ಪೇಪರು ತಿದ್ದಿದವರ ಹಾಗೆ ಕೆಂಪಾಗಿತ್ತು. “ನಾಚಿಕೆಗೇಡು ಬರವಣಿಗೆ. ನನ್ನ ವಿದ್ಯಾರ್ಥಿ ಆಗಿದ್ರೆ ಫೇಲ್ ಮಾಡ್ತಿದ್ದೆ.” ಆಮೇಲೆ ದನಿ ತಗ್ಗಿಸಿ ಕೇಳಿದರು. “ನಂದೇ ಚೆನ್ನಾಗಿತ್ತಲ್ವಾ?”

“ತುಂಬ ಚೆನ್ನಾಗಿತ್ತು ಮಾವ. ನಿನ್ನೆ ಓದ್ದೆ.”

ನಿನ್ನೆ ಎನ್ನುವುದು ಅವರ ಕಿವಿಗೆ ಬಿತ್ತು. ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. ನಾನು ವರದಿ ಮುಂದಿಟ್ಟೆ. ‘ಇಂದಿನವರೆಗೆ ಮಡಿಕೆ ಬಿಡಿಸಿರಲಿಲ್ಲ. ಕಾಗದ ಉತ್ತಮ ಸ್ಥಿತಿಯಲ್ಲಿದೆ. ಬಿಡಿಸಿದವರು’ ಎಂದು ಬರೆದು ಜಾಗ ಬಿಟ್ಟಿದ್ದೆ. ಮಾವ ಎರಡೂ ಪ್ರತಿಗೆ ಪೂರ್ತಿ ಹೆಸರು ಬರೆದು ಸಹಿ ಹಾಕಿದರು.

ಗ್ರಂಥಪಾಲಕಿ ಹನ್ನೆರಡಕ್ಕೆ ಸರಿಯಾಗಿ ಬಂದರು. ನಲವತ್ತರ ಆಸುಪಾಸಿನ ಹೆಂಗಸು, ಮಾವನ ಗ್ರಂಥ ಓದಿಯೇ ಈ ಕೆಲಸಕ್ಕೆ ಬಂದವರಂತೆ. ಮಾವನನ್ನು ಕಂಡು ಗೌರವದಿಂದ ನಮಸ್ಕಾರ ಮಾಡಿದರು. ಆಮೇಲೆ ವರದಿ ಓದಿದರು. ಒಂದು ಸಲ ಓದಿ, ಮೊದಲಿಂದ ಮತ್ತೆ ಓದಿದರು.

“ಇಂದಿನವರೆಗೆ ಅಂದ್ರೆ... ಸರ್, ಹಂಗಾದ್ರೆ ನಿಮ್ಮ ಗ್ರಂಥ?”

“ಮೂವತ್ತೇಳರವರೆಗೆ ಓದಿ ಬರೆದದ್ದು,” ಎಂದರು ಮಾವ. “ಆಮೇಲಿನದು ಓದದೆ ಬರೆದದ್ದು. ಇಪ್ಪತ್ತೈದು ವರ್ಷ ಸುಳ್ಳು ಹೇಳಿದೀನಮ್ಮ. ಇವತ್ತು ಓದ್ದೆ.”

ಗ್ರಂಥಪಾಲಕಿ ವರದಿಯನ್ನು ಮೇಜಿನ ಮೇಲಿಟ್ಟರು. ಅವರ ಕಣ್ಣಲ್ಲಿ ನೀರಾಡಿದ್ದನ್ನು ನೋಡಿ ನನಗೆ ಸಂಕಟವಾಯಿತು. ಕೊನೆಗೆ ತಮ್ಮನ್ನು ತಾವೇ ಹಿಡಿದುಕೊಂಡು, ಕಚೇರಿಯ ದನಿಯಲ್ಲಿ ಮಾತಾಡಿದರು. “ಸನ್ಮಾನ ಇನ್ನು ಆಗಲ್ಲ ಸರ್.”

“ಗೊತ್ತು.”

“ಕಂಪ್ಯೂಟರಿಗೆ ಹಾಕುವಾಗ ನಿಮ್ಮ ವಿವರಣೆ ಜೊತೆಗೇ ಹಾಕಬೇಕು ಅಂತಿದ್ವಿ. ಸುಳ್ಳಾದದ್ದು ಯಾವ್ಯಾವುದು, ವಾಪಸ್ ತಗೋತೀನಿ ಅಂತ ನೀವೇ ಬರೆದುಕೊಡಬೇಕಾಗುತ್ತೆ. ಒಂದೊಂದರ ನಂಬರು ಹಾಕಿ.”

ಮಾವ ನನ್ನ ಮೇಜಿನಿಂದ ಒಂದು ಹಾಳೆ ಎಳೆದುಕೊಂಡರು. ಮೂವತ್ತೆಂಟು, ಮೂವತ್ತೊಂಬತ್ತು, ನಲವತ್ತು ಎಂದು ಒಂದರ ಕೆಳಗೊಂದು ಬರೆಯುತ್ತ ಹೋದರು. ಪ್ರತಿ ನಂಬರಿನ ಮುಂದೆ ‘ನನ್ನ ಕಲ್ಪನೆ’ ಎಂದು ಬರೆದರು. ಭಾವಮೈದುನ ಹೋದ, ಹೆಂಡತಿ ಹೋದರು, ಮುಖ್ಯಸ್ಥರು ಹೋದರು, ಮಗನೂ ಹೋದ. ಒಂದೊಂದು ಸಾಲಿಗೂ ಮಾವ ಒಂದೊಂದು ವರ್ಷ ಮುದುಕರಾಗುತ್ತಿದ್ದಂತೆ ಕಂಡಿತು. ಕೊನೆಗೆ ಸಹಿ ಹಾಕಿ ಹಾಳೆ ಕೊಟ್ಟರು.

ಗ್ರಂಥಪಾಲಕಿ ಪೆನ್ನಿನ ತುದಿಯಿಂದ ಎಣಿಸಿದರು. “ಮೂವತ್ತೇ ಇದೆ ಸರ್. ಅರವತ್ತೊಂದು ಬಿಟ್ಟು ಹೋಗಿದೆ.”

“ಬಿಟ್ಟು ಹೋಗಿಲ್ಲ.”

“ಅಂದ್ರೆ?”

“ಅದು ಇದೆ. ಮೂವತ್ತು ವರ್ಷದಿಂದ ಒಂದೇ ಮನೇಲಿದೀವಿ.”

ಮಾವ ನನ್ನ ಕಡೆ ನೋಡಲಿಲ್ಲ. ಕೋಲಿನ ತುದಿಯನ್ನೇ ನೋಡುತ್ತಿದ್ದರು. ಗ್ರಂಥಪಾಲಕಿಗೆ ತಲೆಬುಡ ಅರ್ಥವಾಗಲಿಲ್ಲ. ಮೂಲ ಪುಸ್ತಕ ತೆರೆದು, ಆಗಷ್ಟೇ ಬಿಡಿಸಿದ ಪುಟಗಳಲ್ಲಿ ಅರವತ್ತೊಂದನ್ನು ಹುಡುಕಿ, ತಮಗೆ ಬರುವಷ್ಟು ಆ ಭಾಷೆಯಲ್ಲಿ ತಡವರಿಸುತ್ತ ಓದಿಕೊಂಡರು.

“ಇಲ್ಲಿ ಕತ್ತೆಗೆ ಕೆಮ್ಮು ಅಂತೇನೋ ಇದೆಯಲ್ಲ ಸರ್?”

“ಪುಸ್ತಕ ತಪ್ಪು,” ಎಂದರು ಮಾವ.

ನಾನು ಅಂಟಿನ ಪಾತ್ರೆ ಎತ್ತಿಕೊಂಡು ಒಳಕೋಣೆಗೆ ಹೋದೆ. ಅಂಟು ಬಿಸಿ ಮಾಡುವ ಕೆಲಸವೇನೂ ಇರಲಿಲ್ಲ. ಹಳೆಯ ಕಾಗದದ ಹತ್ತಿರ ನಿಂತು ಯಾರೂ ಅಳಬಾರದು, ಅಷ್ಟೇ.